ಬೇಡ್ತಿ ದಾಟಿದ ಲಾರಿ

ಬೇಡ್ತಿ ಹೊಳೆಯ ಮತ್ತು ಅದರ ಆಸುಪಾಸಿನ ಊರುಗಳ ಹಳೆಯ ಫೋಟೊಗಳನ್ನು ಹಿಡಿದು, ಅವುಗಳಲ್ಲಿರುವವರ ಗುರುತು ಕೇಳುತ್ತ, ನಾಲ್ಕು ದಿನದಿಂದ ತಿರುಗುತ್ತಿದ್ದೇನೆ. ಒಂದರಲ್ಲಿ ಇರುವವರು ಯಾರೆಂದು ಮಾತ್ರ ಎಲ್ಲಿಯೂ ತಿಳಿಯಲಿಲ್ಲ. ಜೋಡಿಸಿ ಕಟ್ಟಿದ ಎರಡು ದೋಣಿಗಳ ಮೇಲೆ ಲಾರಿಯೊಂದು ಹೊಳೆ ದಾಟುತ್ತಿದೆ. ಪಕ್ಕದಲ್ಲಿ ನಿಂತ ಡ್ರೈವರನ ಸೊಂಟಕ್ಕೆ ಗಾಳಿ ತುಂಬಿದ ಟಯರ್ ಟ್ಯೂಬು.

ಇಂದು ಬೆಳಿಗ್ಗೆ ಯಲ್ಲಾಪುರದ ಲಾರಿ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಅದನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಕೂತಿದ್ದ ಹಳೆಯ ಲಾರಿ ಡ್ರೈವರ್ ಖಾಸಿಂ ಸಾಬರು ಬಗ್ಗಿ ನೋಡಿದವರೇ ಎದ್ದು ನಿಂತರು.

“ನಮ್ಮ ಅಬ್ಬಾ ಇವರು, ನಮ್ಮಪ್ಪ! ಈಜು ಬರ್ತಿರಲಿಲ್ಲ, ಅದಕ್ಕೇ ಟ್ಯೂಬು. ಸೇತುವೆ ಇಲ್ಲದಾಗ ದೋಣಿ ಮೇಲೆ ಲಾರಿ ದಾಟಿಸಿದ್ರು ಅಂದ್ರೆ ಈ ಊರಲ್ಲಿ ಒಬ್ಬರೂ ನಂಬಲಿಲ್ಲ. ಕೇಳ್ರಿ ಈ ಅಂಗಡಿ ಭಟ್ಟರನ್ನ!”

ಅಂಗಡಿಯ ಭಟ್ಟರು ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದರು.

“ನಲವತ್ತು ವರ್ಷ ನಗಾಡಿದೆ ಮಾರಾಯ್ರೆ,” ಎಂದು ನನಗೆ ಹೇಳಿ, ಅವರ ಕಡೆ ತಿರುಗಿದರು. “ತಪ್ಪಾಯ್ತು ಸಾಬ್ರೇ. ನೀವು ಹೇಳಿದ್ದೇ ಖರೆ.”

ಸಾಬರ ಕಣ್ಣು ತುಂಬಿತು. ಆದರೂ ಅವರು ಕೂರಲಿಲ್ಲ. ಫೋಟೊವನ್ನು ತಲೆಯ ಮೇಲೆ ಎತ್ತಿ ಹಿಡಿದು ರಸ್ತೆ ದಾಟಿ ಸ್ಟ್ಯಾಂಡಿಗೆ ನಡೆದರು. ನಾನು ಹಿಂದಿನಿಂದ ಓಡಿದೆ.

“ಎಲ್ಲಾರೂ ಬರ್ರಿ! ಇವತ್ತು ಮೊದಲಿಂದ ಹೇಳ್ತೀನಿ!”

ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಅವರನ್ನು ಸುತ್ತುವರಿದರು. ಆಗಷ್ಟೇ ಹೊರಟಿದ್ದ ಒಬ್ಬ, ಮಾತು ಸರಿಯಾಗಿ ಕೇಳಲೆಂದು, ಇಂಜಿನ್ ಆರಿಸಿ ಕೆಳಗಿಳಿದ.