ಪಕ್ಕದ ಮನೆಗೆ ಕೊಟ್ಟ ಎಳ್ಳುಬೆಲ್ಲ

ಐರ್ಲೆಂಡಿನ ಟಾಲಾಕ್ಕೆ ಬಂದ ಮೊದಲ ಸಂಕ್ರಾಂತಿಗೆ, ಅಂಗಡಿಯ ರೆಡಿಮೇಡ್ ಪ್ಯಾಕೆಟ್ ಬೇಡವೆಂದು ಹಟ ಹಿಡಿದು ನಾನೇ ಎಳ್ಳುಬೆಲ್ಲ ಮಾಡಿದೆ. ಕೊಬ್ಬರಿ, ಬೆಲ್ಲ ಹೆಚ್ಚಿ ಹೆಚ್ಚಿ ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಹುರಿದ ಎಳ್ಳು, ಕಡಲೆಬೀಜ, ಹುರಿಗಡಲೆ ಬೆರೆಸಿ, ಒಂದು ಪೊಟ್ಟಣವನ್ನು ಪಕ್ಕದ ಮನೆಯ ಐರಿಷ್ ಅಜ್ಜಿಗೆ ಕೊಟ್ಟೆ. ಇದನ್ನು ತಿಂದು ಒಳ್ಳೆಯ ಮಾತಾಡಿ ಎಂದು ಹೇಳಿ ಕೊಡುವುದು ನಮ್ಮ ಪದ್ಧತಿ. ಇಂಗ್ಲಿಷಿನಲ್ಲಿ ಹಾಗೆಂದರೆ ಹಿರಿಯರಿಗೆ ಬುದ್ಧಿ ಹೇಳಿದಂತಾದೀತೆಂದು ಹೆದರಿ, ‘ಹ್ಯಾಪಿ ಸಂಕ್ರಾಂತಿ’ ಎಂದಷ್ಟೇ ಹೇಳಿ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅಜ್ಜಿಯ ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ತಟ್ಟೆಯ ತುಂಬ ನನ್ನ ಎಳ್ಳುಬೆಲ್ಲ! ಕೆಂಪೆದೆಯ ಪುಟ್ಟ ಹಕ್ಕಿಯೊಂದು ಬರೀ ಕೊಬ್ಬರಿಯನ್ನೇ ಆರಿಸಿ ತಿನ್ನುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ನೋಡ್ರೀ, ಹಕ್ಕಿಗೆ ಹಾಕಿದ್ದಾರೆ!” ಎಂದು ಗಂಡನನ್ನು ಕರೆದೆ.

“ತಿನ್ನೋದು ಅಂತ ನೀನು ಹೇಳಿದ್ಯಾ?” ಎಂದರು ಅವರು, ನಗು ತಡೆದುಕೊಂಡು.

ಹೇಳಿರಲಿಲ್ಲ.

ಒಂದು ವಾರ ಕಳೆದ ಮೇಲೆ ಅಜ್ಜಿ ಬೇಲಿಯಾಚೆಯಿಂದ ಕೈಬೀಸಿ ಕರೆದರು. ನಾನು ಕೊಟ್ಟ ಕಾಳು ‘ಗ್ರ್ಯಾಂಡ್’ ಆಗಿತ್ತಂತೆ. ಅದನ್ನು ತಿಂದಾಗಿನಿಂದ ಹಕ್ಕಿಗಳು ಬೆಳಗಾದರೆ ಸಾಕು, ಹಾಡಿದ್ದೇ ಹಾಡಿದ್ದಂತೆ.

ನಿಜ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಎಳ್ಳುಬೆಲ್ಲ ತಿಂದ ಮೇಲೆ ನಿಜವಾಗಿಯೂ ಒಳ್ಳೆಯ ಮಾತಾಡಿದವರನ್ನು ನಾನು ಕಂಡಿದ್ದು ಅದೇ ಮೊದಲು.