ಒಪ್ಪತ್ತಿನ ಸಿಟ್ಟು

ಗೆಳೆಯರೇ, ಇವತ್ತು ನಾನು ಯಾರನ್ನೂ ಹೊಡೆಯಲಿಲ್ಲ, ಯಾರಿಂದಲೂ ಹೊಡೆಸಿಕೊಳ್ಳಲಿಲ್ಲ. ಸ್ವಲ್ಪದರಲ್ಲೇ ತಪ್ಪಿತು.

ಸಂಜೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಎದುರಿನಿಂದ ಬಂದವನ ಬೈಕು ನನ್ನ ಸ್ಕೂಟರಿಗೆ ತಾಗಿತು. ಒಂದು ಗೀರೂ ಬಿದ್ದಿರಲಿಲ್ಲ. ಆದರೂ ನಾನು ಇಳಿದು, "ಕಣ್ಣ ಮನ್ಯಾಗ ಇಟ್ಟು ಬಂದೀಯೇನಲೇ?" ಎಂದೆ. ಅವನು ನನ್ನ ಕಾಲರ್ ಹಿಡಿದ. ನಾನು ಕೈ ಎತ್ತಿದೆ.

ಪಕ್ಕದಲ್ಲಿ ಹಣ್ಣು ಮಾರುತ್ತಿದ್ದ ಅಜ್ಜಿ ಕೂತಲ್ಲಿಂದಲೇ, "ಇವತ್ತ ಶ್ರಾವಣ ಸೋಮವಾರ. ಇಬ್ಬರದೂ ಒಪ್ಪತ್ತೇನ್ರಪಾ?" ಎಂದಳು.

ಅವನು ತಲೆಯಾಡಿಸಿದ. ನಾನೂ ಆಡಿಸಿದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಬರೀ ಚಹಾ ಬಿದ್ದಿತ್ತು.

"ಮೊದಲ ಇದನ್ನ ತಿನ್ರಿ. ಆಮ್ಯಾಲ ಬೇಕಾದ್ರ ಹೊಡದಾಡ್ರಿ" ಎಂದು ಇಬ್ಬರಿಗೂ ಎರಡೆರಡು ಬಾಳೆಹಣ್ಣು ಕೊಟ್ಟಳು. ಹಣ್ಣು ಸುಲಿಯಲು ಅವನು ನನ್ನ ಕಾಲರ್ ಬಿಡಲೇಬೇಕಾಯಿತು.

ಎರಡನೆಯ ಹಣ್ಣಿನ ಹೊತ್ತಿಗೆ ಅವನೇ ಕೇಳಿದ: "ಅಣ್ಣಾರ, ಗುಂಡಿ ಹರದಿಲ್ಲಲ್ರೀ?"

"ಇಲ್ಲ ಬಿಡ್ರಿ, ನಾನೂ ಹಂಗ ಅನಬಾರದಿತ್ತು" ಎಂದೆ. ಎದೆ ಹಗುರಾಯಿತು.

ಅಂದಹಾಗೆ, ಧಾರವಾಡದ ಕಾಲೇಜೊಂದರಲ್ಲಿ ನಾನು ಮನಶ್ಶಾಸ್ತ್ರದ ಮೇಷ್ಟ್ರು. ಮನುಷ್ಯನ ಆಕ್ರಮಣಶೀಲತೆಗೆ ಏನು ಕಾರಣ ಎಂದು ಇವತ್ತು ಬೆಳಿಗ್ಗೆಯೇ ಹಲಗೆ ತುಂಬ ಬರೆದಿದ್ದೆ. ಅದರಲ್ಲೆಲ್ಲೂ ಹೊಟ್ಟೆಯ ಸುದ್ದಿಯೇ ಇರಲಿಲ್ಲ.