ಬಲಗಡೆ ಬಿದ್ದ ಹೂವು

ದೇವರ ಹತ್ತಿರ ಹೂ ಕೇಳುವುದೆಂದರೆ ನನಗೆ ಮೊದಲಿನಿಂದಲೂ ನಗು. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಒದ್ದೆ ಹೂವನ್ನು ಕಲ್ಲಿಗೆ ಅಂಟಿಸಿದರೆ ಒಣಗುತ್ತದೆ, ಒಣಗಿದರೆ ಬೀಳುತ್ತದೆ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಹೇಳುವಾಗ ಮೊದಲಿನ ಜೋರು ಇರುವುದಿಲ್ಲ. ಯಾಕೆಂದು ಇಲ್ಲಿ ಬರೆಯುತ್ತಿದ್ದೇನೆ, ನೀವು ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮತ್ತೆಗೆ ಮಂಜು ನೋಡಬೇಕೆಂಬ ಆಸೆ ಹುಟ್ಟಿತು. ಟೀವಿಯಲ್ಲಿ ಜನ ಬಿಳಿ ಬೆಟ್ಟದ ಮೇಲಿಂದ ಜಾರುವುದನ್ನು ನೋಡಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿದ ಐಸನ್ನು ಉಗುರಿನಿಂದ ಕೆರೆದು, "ಇದೇ ಅಲ್ವೇನೇ ಅದು? ರಾಶಿರಾಶಿ ಬಿದ್ದಿರೋದನ್ನ ಒಂದ್ಸಲ ಕೈಲಿ ಹಿಡಿಬೇಕು ಕಣೆ" ಎಂದು ನನ್ನ ಮಗಳ ಅಂಗೈಗೆ ಇಟ್ಟರು. ಒಂಬತ್ತನೇ ಕ್ಲಾಸಿನ ಮಗಳು ಚೈತ್ರಾಗೆ ಸ್ಕೀ ಕಲಿಯುವ ಹುಚ್ಚು. ರೇಷ್ಮೆ ಮಗ್ಗ ನಡೆಸುವ ನನ್ನ ಗಂಡ ಹಿಮಾಲಯದ ಕಡೆಗೆ ಹೋಗೋಣವೆಂದು ಒಪ್ಪಿದರು. ಅತ್ತೆ ಹೋಗಿ ಒಂದು ನೀಲಿ ಸ್ವೆಟರ್ ಕೂಡ ತಂದಿಟ್ಟುಕೊಂಡರು.

ತಕರಾರು ಶುರುವಾಗಿದ್ದು ಎಲ್ಲಿಗೆ ಎಂಬುದರಲ್ಲಿ. ಒಂದು ದೊಡ್ಡ ಸ್ಕೀ ರೆಸಾರ್ಟ್: ಕೇಬಲ್ ಕಾರು, ಹತ್ತಾರು ಇಳಿಜಾರು, ಕಲಿಸಲು ಮೇಷ್ಟ್ರುಗಳು. ಇನ್ನೊಂದು ಹಳ್ಳಿಯೊಂದರ ಚಿಕ್ಕ ರೆಸಾರ್ಟ್: ಒಂದೇ ದಿಬ್ಬ, ಆದರೆ ಕೋಣೆಯ ಬಾಗಿಲು ತೆಗೆದರೆ ಅಂಗಳದಲ್ಲೇ ಮಂಜು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಗಂಡ ಚಿಕ್ಕದೇ ಸಾಕು ಎಂದರು. ಅಷ್ಟು ದೂರ ಹೋಗಿ ಒಂದು ದಿಬ್ಬ ನೋಡಿಕೊಂಡು ಬರುವುದೇ ಎಂದು ನಾನು ಪಟ್ಟು ಹಿಡಿದೆ. ಮಗಳ ಕಲಿಕೆ ಎಂದು ಬಾಯಲ್ಲಿ ಹೇಳಿದೆ. ಸ್ಟಾಫ್ ರೂಮಿನಲ್ಲಿ ತೋರಿಸಬೇಕಾದ ಫೋಟೊಗಳೂ ತಲೆಯಲ್ಲಿದ್ದವು.

ಅತ್ತೆಯೇ ದಾರಿ ಹೇಳಿದರು. "ಕಿತ್ತಾಟ ಯಾಕೆ? ಅಮ್ಮನ್ನೇ ಕೇಳ್ಬಿಡೋಣ. ಬಲಗಡೆ ಕೊಟ್ರೆ ದೊಡ್ದು, ಎಡಗಡೆ ಕೊಟ್ರೆ ಚಿಕ್ಕದು."

ಅಮ್ಮನೆಂದರೆ ಅತ್ತೆಯ ಮನೆದೇವತೆ; ಅವರ ಮನೆತನದವರು ಮದುವೆಗೂ ಬೋರ್‌ವೆಲ್ಲಿಗೂ ಅವಳ ಗುಡಿಯಲ್ಲೇ ಹೂ ಕೇಳಿದವರು. ನಾನು ನಕ್ಕೆ. "ಅಮ್ಮನಿಗೆ ಸ್ಕೀ ರೆಸಾರ್ಟೆಲ್ಲ ಗೊತ್ತಾ ಅತ್ತೆ?"

"ನಿಂಗೆ ಗೊತ್ತಿರೋದು ಅವ್ಳಿಗೆ ಗೊತ್ತಿರಲ್ವಾ?" ಎಂದರು.

ಗುಡಿ ಇರುವುದು ಮಾಕಳಿದುರ್ಗದ ಬುಡದಲ್ಲಿ. ಒಂದು ಭಾನುವಾರ ಬೆಳಿಗ್ಗೆ ಹೋದೆವು. ಪೂಜಾರಪ್ಪ ಎರಡು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿ, "ಮನಸ್ನಲ್ಲೇ ಕೇಳ್ಕೊಳಿ, ಬಾಯ್ಬಿಟ್ಟು ಹೇಳ್ಬ್ಯಾಡಿ" ಎಂದ. ಅತ್ತೆ ಕಂಬ ಹಿಡಿದು ಎಲ್ಲರಿಗಿಂತ ಮುಂದೆ ನಿಂತರು. ನಾನು ಅವರ ಹಿಂದೆ, ತೋರಿಕೆಗೆ ಕೈಮುಗಿದುಕೊಂಡು.

ಹೂ ಬೀಳಲೇ ಇಲ್ಲ. ಹೊರಗೆ ರೈಲೊಂದು ಹಾದುಹೋಯಿತು. ಅತ್ತೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತಾ ನಿಂತಿದ್ದರು. ಗುಡಿಯ ನಾಲ್ಕು ಮೆಟ್ಟಿಲಿಗೇ ಅಷ್ಟು ಹೊತ್ತು ತೆಗೆದುಕೊಂಡಿದ್ದು ನೆನಪಾಗಿ ನನಗೆ ರೇಗಿತು. ಏರ್‌ಪೋರ್ಟು, ಟ್ಯಾಕ್ಸಿ, ಹೋಟೆಲು, ಎಲ್ಲೆಲ್ಲೂ ಇವರ ಕೈಹಿಡಿದು ನಡೆಸುವವಳು ನಾನೇ ತಾನೆ. ಆಗ ಒಂದು ಮಾತು ಮನಸ್ಸಿಗೆ ಬಂತು. ದೇವರನ್ನು ಕೇಳಬೇಕೆಂದು ಕೇಳಿದ್ದಲ್ಲ, ತಾನಾಗಿ ಬಂತು: ಇವರು ಬರದೇ ಇದ್ದರೆ ಆಗುವುದಿಲ್ಲವೇ?

ಬಲಗಡೆಯ ಹೂ ಬಿತ್ತು.

ಪೂಜಾರಪ್ಪ ಗಂಟೆ ಬಾರಿಸಿದ. ಚೈತ್ರಾ ಚಪ್ಪಾಳೆ ತಟ್ಟಿದಳು. ದೊಡ್ಡ ರೆಸಾರ್ಟೇ ಎಂದಾಯಿತು. ಅತ್ತೆ ಹೂವನ್ನು ಕಣ್ಣಿಗೊತ್ತಿಕೊಂಡು, ಹಿಂದಕ್ಕೆ ತಿರುಗಿ ನನ್ನ ಮುಡಿಗೆ ಸಿಕ್ಕಿಸಿದರು. ಆಮೇಲೆ ಮಗನಿಗೆ ಹೇಳಿದರು: "ನೀವು ಹೋಗ್ಬನ್ನಿ. ನಾನು ಬರಲ್ಲ ಕಣಪ್ಪ."

ಗಂಡ ಬೆಚ್ಚಿಬಿದ್ದರು. "ಯಾಕಮ್ಮಾ? ಮೆಟ್ಲಿದ್ರೆ ನಾನು ಎತ್ಕೊಂಡೇ ಹೋಗ್ತೀನಿ."

"ಅಮ್ಮ ಹೇಳಾಯ್ತಲ್ಲ."

"ಅಮ್ಮ ಹೇಳಿದ್ದು ದೊಡ್ಡದಕ್ಕೆ ಹೋಗಿ ಅಂತ. ನೀನು ಬರ್ಬೇಡ ಅಂದಿಲ್ವಲ್ಲ!"

ಅತ್ತೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಬನ್ನಿ ಅತ್ತೆ" ಅಂದೆ. ಒಂದೇ ಸಲ ಅಂದೆ, ಅದೂ ಮೆಲ್ಲಗೆ. ಚಿಕ್ಕದಕ್ಕೇ ಹೋಗೋಣ ಅನ್ನಬಹುದಿತ್ತು, ಅನ್ನಲಿಲ್ಲ. ಎದೆಯ ಯಾವುದೋ ಮೂಲೆಯಲ್ಲಿ ಹಗುರವಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ಅವರು ಹೊಸಕೋಟೆಯಲ್ಲಿರುವ ತಮ್ಮ ಮಗಳ ಮನೆಯಲ್ಲಿ ಉಳಿದರು. ಹೊರಡುವ ದಿನ ನೀಲಿ ಸ್ವೆಟರನ್ನು ನನ್ನ ಬ್ಯಾಗಿಗೆ ತಾವೇ ತುರುಕಿದರು. ಚೈತ್ರಾ ಬಿದ್ದು ಎದ್ದು ಸ್ಕೀ ಕಲಿತಳು. ನಾನು ಆ ಸ್ವೆಟರನ್ನೇ ಹಾಕಿಕೊಂಡು ಮಂಜು ಹಿಡಿದು ವಿಡಿಯೋ ಕಾಲ್ ಮಾಡಿದೆ. ಅತ್ತೆ ಬಹಳ ಹೊತ್ತು ನೋಡಿ, "ಚೆನ್ನಾಗೈತೆ. ತಲೆ ಮುಚ್ಕೊ, ಶೀತ ಆಗ್ತದೆ" ಎಂದರು. ತೆಗೆದ ಫೋಟೊಗಳನ್ನು ಸ್ಟಾಫ್ ರೂಮಿನಲ್ಲಿ ನಾನು ಯಾರಿಗೂ ತೋರಿಸಲಿಲ್ಲ.

ಒದ್ದೆ ಹೂ ಒಣಗಿ ಬಿತ್ತು, ಅದಕ್ಕೆ ನನ್ನ ಹತ್ತಿರ ಕಾರಣವಿದೆ. ಅತ್ತೆಯ ಮಾತಿಗೆ ಇಲ್ಲ. ನನ್ನ ಮುಖ ನೋಡಿ ತಿಳಿದುಕೊಂಡರು ಎನ್ನೋಣವೆಂದರೆ ಅವರ ಬೆನ್ನು ನನ್ನ ಕಡೆಗಿತ್ತು. ದೊಡ್ಡದೆಂದ ಮೇಲೆ ಮಂಡಿಗೆ ಹೆದರಿದರು ಎನ್ನೋಣವೆಂದರೆ, ಬಲ ಎಡ ಗೊತ್ತುಮಾಡಿ ದೊಡ್ಡದಕ್ಕೂ ಸಿದ್ಧರಾಗಿದ್ದವರು ಅವರೇ. ಹಾಗಾದರೆ ಆ ನೋಟ? ಎಷ್ಟು ತಿರುಗಿಸಿ ನೋಡಿದರೂ ಲೆಕ್ಕ ಕೂಡುವುದಿಲ್ಲ.

ಹೋದ ಚಳಿಗಾಲದಲ್ಲಿ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಹೇಗೋ ಧೈರ್ಯ ಮಾಡಿ, "ಅತ್ತೆ, ಆ ಚಿಕ್ಕ ರೆಸಾರ್ಟ್ ಇತ್ತಲ್ಲ, ಈ ಸಲ ನಾವಿಬ್ರೇ ಹೋಗ್ಬರೋಣ್ವಾ? ಬಾಗಿಲಲ್ಲೇ ಮಂಜಂತೆ. ಬೇಕಾದ್ರೆ ಅಮ್ಮನ ಹತ್ರ ಇನ್ನೊಂದ್ಸಲ ಕೇಳಿ ನೋಡೋಣ" ಅಂದೆ.

ಅತ್ತೆ ಕಾಳನ್ನು ಮೊರಕ್ಕೆ ಹಾಕಿ, ತಲೆ ಎತ್ತದೆ ಹೇಳಿದರು: "ಕೇಳಾಣ ಬಿಡು. ಈ ಸಲ ಮಾತ್ರ ನೀನು ಬಾಯ್ಬಿಟ್ಟು ಕೇಳ್ಬೇಕು ಕಣಮ್ಮ."

ನಾನು ಇನ್ನೊಂದು ಅವರೆಕಾಯಿ ಎತ್ತಿಕೊಂಡೆ. ಅಂದು ನಾನು ಕೇಳಿದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಅವರನ್ನು ಕೇಳಲು ನನಗೆ ಇವತ್ತಿನವರೆಗೂ ಬಾಯಿ ಬಂದಿಲ್ಲ.